ಮುಂದಿನ ಭಾಗದ ಮೋಹ ಅಪರಾಧವೆ?

ಕಳೆದ ತಿಂಗಳು ಅಧ್ಯಾಪಕರ ಕೋಣೆಯಲ್ಲಿ ನಾನೊಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಓದುತ್ತ ಕುಳಿತಿದ್ದೆ. ಮುಖಪುಟದ ಮೇಲೆ ರೆಕ್ಕೆ ಬಿಚ್ಚಿದ ಘಟಸರ್ಪ. ಹಿರಿಯ ಸಹೋದ್ಯೋಗಿಗಳೊಬ್ಬರು ಅದನ್ನು ಕಂಡು, “ಏನ್ರೀ ಸರ, ಪಂಪನ ಪಾಠಾ ಮಾಡೋರು ಹುಡುಗರ ಪುಸ್ತಕ ಹಿಡಕೊಂಡು ಕೂತೀರಲ್ಲ! ಅದೂ ಮೂರನೇ ಭಾಗ!” ಎಂದರು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ನಗೆಯಲ್ಲಿದ್ದ ತಿರಸ್ಕಾರಕ್ಕೆ ಉತ್ತರ ಕೊಡದೆ ಬಿಡುವುದು ಸರಿಯಲ್ಲವೆಂದು ಈಗ ತೋರುತ್ತದೆ.

ಆ ಪುಸ್ತಕ ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಕೂಡಿ ಬರೆದ ‘ಡ್ರ್ಯಾಗನ್ಸ್ ಆಫ್ ಸ್ಪ್ರಿಂಗ್ ಡಾನಿಂಗ್’. 1985ರಲ್ಲಿ ಅಚ್ಚಾದದ್ದು, ‘ಡ್ರ್ಯಾಗನ್‌ಲ್ಯಾನ್ಸ್’ ಮಾಲೆಯ ಮೊದಲ ಮೂರು ಕಾದಂಬರಿಗಳಲ್ಲಿ ಕೊನೆಯದು. ಈ ಮಾಲೆಯ ಮೂಲ ಒಂದು ಆಟ. 1974ರಲ್ಲಿ ಅಮೇರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ನಾಲ್ಕಾರು ಗೆಳೆಯರು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಏಟು ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖಗಳ ದಾಳ ಹೇಳುತ್ತದೆ.

ಪಂಡಿತರ ಆಕ್ಷೇಪಣೆಗಳು ಎರಡು. ಆಟದಿಂದ ಹುಟ್ಟಿದ್ದು ಸಾಹಿತ್ಯವಲ್ಲ ಎಂಬುದು ಮೊದಲನೆಯದು. ಮುಂದುವರಿದ ಭಾಗವೆಂದರೆ ಬರಿಯ ವ್ಯಾಪಾರ ಎಂಬುದು ಎರಡನೆಯದು.

ಮೊದಲನೆಯದಕ್ಕೆ ನಾನು ಸಭಾಪರ್ವವನ್ನು ಮುಂದಿಡುತ್ತೇನೆ. ಧರ್ಮರಾಯ ಜೂಜಾಡಿದ್ದು ಒಂದು ಸಲವಲ್ಲ, ಎರಡು ಸಲ. ಎರಡನೆಯ ಆಟದ ಪಣವೇ ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ. ಆ ದಾಳ ಉರುಳದಿದ್ದರೆ ಅರಣ್ಯಪರ್ವವೂ ಇಲ್ಲ, ವಿರಾಟಪರ್ವವೂ ಇಲ್ಲ. ಕಾಡಿನಲ್ಲಿ ನೊಂದು ಕುಳಿತ ಧರ್ಮರಾಯನಿಗೆ ಋಷಿ ಹೇಳುವ ನಳನ ಕಥೆಯಲ್ಲಿಯೂ ದಾಳವೇ. ಆಟದ ಮೈಲಿಗೆ ಭಾರತಕ್ಕೆ ತಟ್ಟಲಿಲ್ಲ. ಈ ಬಡ ಕಾದಂಬರಿಗೆ ಮಾತ್ರ ತಟ್ಟಿತೆ?

ಎರಡನೆಯದಕ್ಕೆ ನನ್ನ ಊರೇ ಸಾಕ್ಷಿ. ಕಲಘಟಗಿ ತಾಲೂಕಿನ ಮಿಶ್ರಿಕೋಟಿ ನನ್ನ ಊರು. ನಾನು ಚಿಕ್ಕವನಿದ್ದಾಗ ಒಂದು ವರ್ಷ ಮಳೆ ತಡೆಯಿತು. ಬಿತ್ತಿದ ಹೊಲ ಬಿರಿದು ನಿಂತಿತ್ತು. ಹಿರಿಯರು ಗುಡಿಯಲ್ಲಿ ಭಾರತ ಓದಿಸಿದರು. ಯಾವ ಭಾಗ? ಕನ್ನಡ ನಾಡಿನ ಎಷ್ಟೋ ಹಳ್ಳಿಗಳಲ್ಲಿರುವ ನಂಬಿಕೆಯಂತೆ, ವಿರಾಟಪರ್ವ. ಎಂದರೆ ನಾಲ್ಕನೆಯ ಭಾಗ! ಕಂಕನ ವೇಷದ ಧರ್ಮರಾಯ ವಿರಾಟನೊಡನೆ ಪಗಡಿಯಾಡುವುದನ್ನು ಕೇಳುತ್ತ ಅಜ್ಜನ ತೊಡೆಯ ಮೇಲೆ ನಾನು ನಿದ್ದೆ ಹೋದದ್ದುಂಟು. “ಇದು ಮುಂದಿನ ಭಾಗ, ಹಗುರು ಸಾಹಿತ್ಯ” ಎಂದು ಅಲ್ಲಿ ಯಾರೂ ಎದ್ದು ಹೋಗಲಿಲ್ಲ. ನಮ್ಮ ನೆರೆಯ ಕೋಳಿವಾಡದ ಕುಮಾರವ್ಯಾಸ ಹತ್ತು ಪರ್ವ ಬರೆದು ನಿಲ್ಲಿಸಿದ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ‘ಮುಂದೇನಾಯಿತು’ ಎಂಬ ಹಸಿವು ಹಳ್ಳಿಯವನಿಗೂ ಇತ್ತು, ಅರಮನೆಗೂ ಇತ್ತು.

ಇನ್ನು ನನ್ನ ಮೂರನೆಯ ಭಾಗ. ಅದರಲ್ಲಿ ರೈಸ್ಟ್‌ಲಿನ್ ಎಂಬ ಮಾಂತ್ರಿಕನಿದ್ದಾನೆ. ಸದಾ ಕೆಮ್ಮುವ ರೋಗಿ. ಮರಳುಗಡಿಯಾರದಂಥ ಅವನ ಕಣ್ಣಿಗೆ ಕಂಡದ್ದೆಲ್ಲ ಮುಪ್ಪಾಗಿ ಸಾಯುತ್ತಿರುವಂತೆ ಕಾಣುತ್ತದೆ. ಆಟವಾಡುವಾಗ ಗೆಳೆಯನೊಬ್ಬ ಆ ಪಾತ್ರಕ್ಕೆ ಒಡಕು ಪಿಸುದನಿ ಕೊಟ್ಟನಂತೆ. ಆ ದನಿಯಿಂದಲೇ ಪಾತ್ರದ ಸ್ವಭಾವ ಬೆಳೆಯಿತು. ಎರಡು ಭಾಗಗಳ ಉದ್ದಕ್ಕೂ ಅವನನ್ನು ಹೊತ್ತು ಸಲಹಿದವನು ಅವಳಿ ಅಣ್ಣ ಕ್ಯಾರಮನ್. ಮೂರನೆಯದರಲ್ಲಿ ಹಡಗು ಸುಳಿಗೆ ಸಿಕ್ಕಾಗ ತಮ್ಮ ತನ್ನ ಮಂತ್ರಬಲದಿಂದ ತಾನೊಬ್ಬನೇ ಪಾರಾಗುತ್ತಾನೆ. ಅಣ್ಣನನ್ನು ಅಲ್ಲಿಯೇ ಬಿಡುತ್ತಾನೆ. ಮೊದಲೆರಡು ಭಾಗ ಓದದವನಿಗೆ ಇದೊಂದು ಮೋಸದ ಪ್ರಸಂಗ, ಅಷ್ಟೆ. ಓದಿದವನಿಗೆ ಕರುಳು ಹಿಂಡುತ್ತದೆ. ಮುಂದಿನ ಭಾಗದ ಶಕ್ತಿಯಿರುವುದು ಇಲ್ಲಿ. ಒಂದು ಸಂಪುಟ ಪರಿಚಯ ಮಾಡಿಸಬಲ್ಲದು. ಬಳಕೆ ಬೆಳೆಯಲು ಮೂರು ಬೇಕು.

ದೋಷಗಳಿಲ್ಲವೆಂದು ನಾನು ವಾದಿಸುವವನಲ್ಲ. ಹೆಸರುಗಳ ಜಾತ್ರೆಯೇ ಇದೆ. ಆಟದಲ್ಲಿ ನಡೆದುಹೋದ ದೊಡ್ಡ ಸಾಹಸವೊಂದನ್ನು ಎರಡನೆಯ ಭಾಗ ನಾಲ್ಕು ಮಾತಿನಲ್ಲಿ ಹಾರಿಸಿಬಿಡುತ್ತದೆ. ಭಾಷೆ ಅಲ್ಲಲ್ಲಿ ತೆಳುವಾಗಿದೆ. ಇದನ್ನು ಪಂಪನ ಪಕ್ಕದಲ್ಲಿಡಿರೆಂದು ನಾನೂ ಹೇಳಲಾರೆ. ಆದರೆ ಓದಿ ದೋಷ ಹೇಳುವುದು ವಿಮರ್ಶೆ. ಮುಖಪುಟ ನೋಡಿ ನಗುವುದು ಬರಿಯ ಜಂಬ.

ಈ ಜಂಬ ನನ್ನಲ್ಲಿಯೂ ಇತ್ತೆಂಬುದೇ ಈ ಲೇಖನಕ್ಕೆ ನಿಜವಾದ ಕಾರಣ. ಅಧ್ಯಾಪಕನಾದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿನಿ ಬೆಂಚಿನ ಕೆಳಗೆ ಸಾಹಸಕಥೆಯ ಮಾಲೆಯೊಂದರ ಐದನೆಯ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ದಿನಾಲೂ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ನಾನು ಪುಸ್ತಕ ಕಸಿದುಕೊಂಡು, ತರಗತಿಯೆಲ್ಲ ನಗುವಂತೆ ಎರಡು ಮಾತು ಆಡಿದೆ. ಪಾಠ ಮುಗಿದ ಮೇಲೆ ಪುಸ್ತಕ ಮರಳಿಸಹೋದರೆ, “ಬ್ಯಾಡ್ರಿ ಸರ, ನೀವ ಗ್ರಂಥಾಲಯಕ್ಕ ಕೊಟ್ಟಬಿಡ್ರಿ” ಎಂದಳು. ಅಂದಿನಿಂದ ಅವಳು ಗ್ರಂಥಾಲಯದ ಕಡೆಗೆ ಸುಳಿದದ್ದನ್ನು ನಾನು ಕಾಣಲಿಲ್ಲ. ನನ್ನ ಪಾಠ ಅವಳನ್ನು ಪಂಪನ ಬಳಿಗೆ ಒಯ್ಯಲಿಲ್ಲ. ಇದ್ದ ಒಂದು ಓದನ್ನೂ ಬಿಡಿಸಿತು. ಅಂದು ಅವಳು ಅನುಭವಿಸಿದ್ದರ ಒಂದಂಶ ಮೊನ್ನೆ ನನ್ನ ಪಾಲಿಗೆ ಬಂತು.

ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಓದುಗರನ್ನು ಸಂಪಾದಿಸಿದ ಸೀಮೆ ಇದು. ಅವರು ಜನರ ಕೈಗಿತ್ತದ್ದು ಕುತೂಹಲ ಕೆರಳಿಸುವ ಕಾದಂಬರಿಗಳನ್ನೇ. ಅಂಥ ಸೀಮೆಯಲ್ಲಿ ನಾವು ಸಂಬಳ ಎಣಿಸಿಕೊಂಡು ಓದುಗರನ್ನು ಓಡಿಸುತ್ತಿದ್ದೇವೆ!

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಇಂಥ ಮಾಲೆಗಳನ್ನು ಕಾಲೇಜಿನ ಗ್ರಂಥಾಲಯಕ್ಕೆ ಪೂರ್ತಿಯಾಗಿ ತರಿಸಿರಿ. ಬಲ್ಲವರು ಕನ್ನಡಕ್ಕೆ ತನ್ನಿರಿ. ಮುಂದಿನ ಭಾಗ ಕೇಳಿ ಬರುವ ಹುಡುಗನನ್ನು ನೋಡಿ ನಗಬೇಡಿರಿ. ನಮ್ಮೂರ ಗುಡಿಯಲ್ಲಿ ಅಂದು ಕುಳಿತವರೂ ಮುಂದಿನ ಭಾಗಕ್ಕೇ ಕಾದಿದ್ದರು.