ತಿಪ್ಪೆಗೆ ನಾಚುವವರು

ತಾರಸಿಯಲ್ಲಿ ಇಟ್ಟಿಗೆ ಕಟ್ಟಿ, ಏರುಮಡಿಯಲ್ಲಿ ಹರಿವೆ, ಬಸಳೆ ಬೆಳೆಯುವ ಮುಂಬಯಿಯ ನಮ್ಮವರು ಗೊಬ್ಬರವನ್ನು ಮಾತ್ರ ಚೀಲದಲ್ಲಿ ಕೊಂಡು ತರುತ್ತಾರೆ. ಅಡುಗೆಮನೆಯ ಸಿಪ್ಪೆಯನ್ನು ಕಸದ ಲಾರಿಗೆ ಹತ್ತಿಸುತ್ತಾರೆ. 1927ರಿಂದ ಇಂಥ ಕಸವನ್ನು ಹೊತ್ತ ದೇವನಾರದ ಗುಡ್ಡ 2016ರ ಜನವರಿಯಲ್ಲಿ ದಿನಗಟ್ಟಲೆ ಉರಿದಾಗ ಮೊದಲು ಹೊಗೆ ಕುಡಿದವರು ಅದರ ಬುಡದ ಜೋಪಡಿಗಳವರು.

‘ನಾರುತ್ತದೆ’ ಎಂಬುದು ನಮ್ಮ ಸೊಸೈಟಿ ಸಮಿತಿಯ ಆಕ್ಷೇಪ. ನಾರುವುದು ಗಾಳಿಯಾಡದ, ನೀರು ನಿಂತ ರಾಶಿ. ಒಂದು ಪಾಲು ಹಸಿ ಸಿಪ್ಪೆಗೆ ಎರಡು ಪಾಲು ತರಗೆಲೆ ಬೆರೆಸಿ ವಾರಕ್ಕೊಮ್ಮೆ ಮಗುಚಿದರೆ ಮಣ್ಣಿನ ವಾಸನೆಯಷ್ಟೇ ಉಳಿಯುತ್ತದೆ. ಹಿತ್ತಲ ತಿಪ್ಪೆಯನ್ನು ಕಂಡೇ ಬೆಳೆದ ನಮಗೆ ಇದನ್ನು ಹೇಳಿಕೊಡಬೇಕೆ? ಏರುಮಡಿ ಬೇಕು, ಅದಕ್ಕೆ ಉಣಿಸುವ ಕೈಗೆ ಮಾತ್ರ ಮಡಿ!

ಮುಂದಿನ ಸಭೆಗೆ ಒಂದು ಬೊಗಸೆ ಗೊಬ್ಬರ ಒಯ್ಯುತ್ತೇನೆ. ಮೂಸಿ ನೋಡಿದ ಮೇಲೆ ಆಕ್ಷೇಪಿಸಲಿ.