ಆ ಪುಟ್ಟ ಗುಂಡಿಯನ್ನು ಕೊನೆಯ ಸಲ ಒತ್ತಿದ್ದು ಯಾವಾಗ?

ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪ್, ಅಡಿಕೆ ಸುಲಿಯುವ ಶೆಡ್, ಹಾಲಿನ ಡೈರಿ, ಶಾಲೆಯ ಬಿಸಿಯೂಟದ ಕೋಣೆ, ಪಂಚಾಯಿತಿ ಬೋರ್‌ವೆಲ್‌ನ ಪಂಪ್‌ಹೌಸ್. ನಮ್ಮೂರುಗಳಲ್ಲಿ ಜನ ದಿನಾ ಕರೆಂಟಿನ ಜೊತೆ ದುಡಿಯುವ ಜಾಗಗಳಿವು. ಇವುಗಳಲ್ಲಿ ಯಾವುದಕ್ಕಾದರೂ ಹೋದಾಗ ಮೀಟರ್ ಬೋರ್ಡಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಪುಟ್ಟ ಗುಂಡಿಯಿರುವ ಸ್ವಿಚ್ ಅಲ್ಲಿದೆಯೇ? ಇದ್ದರೆ, ಆ ಗುಂಡಿಯನ್ನು ಕೊನೆಯ ಸಲ ಒತ್ತಿದ್ದು ಯಾವಾಗ ಎಂದು ಮಾಲೀಕರನ್ನು ಕೇಳಿ. ಹೆಚ್ಚಿನ ಕಡೆ ಸಿಗುವ ಉತ್ತರ: "ಅದನ್ನ ಒತ್ತಬೇಕಾ?"

ಒತ್ತಲೇಬೇಕು. ಅದೂ ತಿಂಗಳಿಗೊಮ್ಮೆ. ಇದು ಮಾಲೀಕರ ಜವಾಬ್ದಾರಿ, ಅಲ್ಲಿ ದುಡಿಯುವವರು ಕೇಳಿ ಪಡೆಯಬೇಕಾದ ಹಕ್ಕು ಎಂಬುದು ನನ್ನ ವಾದ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ನಮ್ಮಲ್ಲಿ ಎಂಸಿಬಿ ಇದೆ, ಏನೂ ಆಗಲ್ಲ" ಎನ್ನುವವರು ಬಹಳ. ಎಂಸಿಬಿ ಆಗಲಿ, ಹಳೇ ಫ್ಯೂಸ್ ಆಗಲಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 20 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ 20 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಒದ್ದೆ ಕೈಯಲ್ಲಿ ಫೇಸ್ ಮುಟ್ಟಿದವನ ಮೈಯಲ್ಲಿ ಹರಿಯುವುದು ಹೆಚ್ಚೆಂದರೆ ಕಾಲು ಆಂಪಿಯರ್ ಆಸುಪಾಸು. ಅಷ್ಟು ಸಣ್ಣ ಲೆಕ್ಕ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಆದರೆ ಮನುಷ್ಯನ ಕೈ ಹಿಡಿದ ವಸ್ತುವನ್ನು ಬಿಡಲಾಗದಂತೆ ಬಿಗಿಯಲು ಆಂಪಿಯರ್‌ನ ನೂರನೇ ಒಂದು ಭಾಗ ಸಾಕು. ಅದರ ಮೂರ್ನಾಲ್ಕು ಪಟ್ಟು ಕರೆಂಟ್ ಕೆಲವು ಕ್ಷಣ ಎದೆಯ ಮೂಲಕ ಹರಿದರೆ ಉಸಿರು ಕಟ್ಟಬಹುದು, ಹೃದಯದ ಬಡಿತ ತಪ್ಪಬಹುದು.

ಮನುಷ್ಯನನ್ನು ಕಾಯುವುದು ಗುಂಡಿಯಿರುವ ಆ ಇನ್ನೊಂದು ಸ್ವಿಚ್. ಅದರ ಹೆಸರು ಆರ್‌ಸಿಸಿಬಿ. ಹಳಬರ ಬಾಯಲ್ಲಿ ಇಎಲ್‌ಸಿಬಿ. ಅದರ ಕೆಲಸ ನಮ್ಮ ಡೈರಿಯ ಲೆಕ್ಕದ ಹಾಗೆ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತೇ ಎಂದು ಸದಾ ತಾಳೆ ನೋಡುತ್ತಿರುತ್ತದೆ. ಎಲ್ಲೋ ಸೋರಿ ಯಂತ್ರದ ಮೈಗೆ, ಅಲ್ಲಿಂದ ಮನುಷ್ಯನ ಮೂಲಕ ನೆಲಕ್ಕೆ ಹೋದರೆ ಲೆಕ್ಕ ತಪ್ಪುತ್ತದೆ. ತಪ್ಪಿದ ಕೂಡಲೇ ಕರೆಂಟ್ ಕಡಿಯುತ್ತದೆ. ಮನುಷ್ಯನ ರಕ್ಷಣೆಗೆ ಹಾಕುವ ಸ್ವಿಚ್‌ನ ಮೇಲೆ 30 ಮಿಲಿಆಂಪಿಯರ್ ಎಂದು ಬರೆದಿರುತ್ತದೆ. 100 ಅಥವಾ 300 ಎಂದಿದ್ದರೆ ಅದು ಬೆಂಕಿ ಅನಾಹುತ ತಡೆಯಲು ನೆರವಾದೀತು, ಕೈಯಲ್ಲಿ ಹಿಡಿದು ಕೆಲಸ ಮಾಡುವ ಯಂತ್ರಗಳಿಗೆ ಸಾಲದು.

ಈ ಸ್ವಿಚ್‌ನ ಒಳಗೆ ಸಣ್ಣ ಸ್ಪ್ರಿಂಗ್, ಕೊಂಡಿಗಳಿವೆ. ಗಿರಣಿಯ ಹಿಟ್ಟಿನ ದೂಳು, ಡೈರಿಯ ತೇವ, ಮಲೆನಾಡಿನ ಮಳೆಗಾಲ, ಇವೆಲ್ಲ ಸೇರಿ ಅವು ಬಿಗಿದುಕೊಳ್ಳಬಹುದು. ವರ್ಷಗಟ್ಟಲೆ ಅಲುಗಾಡದ ಬಾಗಿಲಿನ ಚಿಲಕ ತುಕ್ಕು ಹಿಡಿಯುವುದಿಲ್ಲವೇ, ಹಾಗೆ. ಹೊರಗಿನಿಂದ ನೋಡಿದರೆ ಸ್ವಿಚ್ ಚೆನ್ನಾಗಿಯೇ ಇರುತ್ತದೆ, ಯಂತ್ರವೂ ಓಡುತ್ತದೆ. ಕೆಟ್ಟಿದೆ ಎಂದು ಗೊತ್ತಾಗುವುದು ಎರಡೇ ದಾರಿಯಲ್ಲಿ: ಗುಂಡಿ ಒತ್ತಿದಾಗ, ಇಲ್ಲವೇ ಯಾರಿಗಾದರೂ ಕರೆಂಟ್ ಹೊಡೆದಾಗ.

ಒತ್ತುವುದು ಕಷ್ಟದ ಕೆಲಸವಲ್ಲ. ಯಂತ್ರಗಳನ್ನೆಲ್ಲ ಆಫ್ ಮಾಡಿ, ಅಲ್ಲಿರುವವರಿಗೆ ಹೇಳಿ. ಲೈನಿನಲ್ಲಿ ಕರೆಂಟ್ ಇರಬೇಕು, ಸ್ವಿಚ್ ಆನ್ ಇರಬೇಕು. ಗುಂಡಿ ಒತ್ತಿ. ‘ಟಕ್’ ಎಂದು ಹಿಡಿ ಕೆಳಗೆ ಬಿದ್ದರೆ ಸರಿ, ಮತ್ತೆ ಮೇಲೆತ್ತಿ ಕೆಲಸ ಶುರು ಮಾಡಿ. ತ್ರೀ ಫೇಸ್ ಸ್ವಿಚ್ ಆದರೆ ಮೂರೂ ಫೇಸ್ ಇರುವ ಹೊತ್ತಿನಲ್ಲೇ ನೋಡಬೇಕು. ಸಿಂಗಲ್ ಫೇಸ್ ಕೊಟ್ಟ ಹೊತ್ತಿನಲ್ಲಿ ಒತ್ತಿದರೆ ಚೆನ್ನಾಗಿರುವ ಸ್ವಿಚ್ ಕೂಡ ಬೀಳದೆ ಇರಬಹುದು. ಎಲ್ಲ ಸರಿಯಿದ್ದೂ ಬೀಳಲಿಲ್ಲವೆಂದರೆ ಯಂತ್ರ ಓಡಿಸಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಬಂದು ನೋಡುವ ತನಕ ಕೆಲಸ ನಿಲ್ಲಲಿ. ಫೇಸ್ ವೈರನ್ನು ನೆಲಕ್ಕೆ ತಾಗಿಸಿ ಪರೀಕ್ಷೆ ಮಾಡುವ ಸಾಹಸ ಮಾತ್ರ ಯಾರೂ ಮಾಡಬೇಡಿ.

ಗುಂಡಿ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ. ಅದು ಸ್ವಿಚ್‌ನ ಒಳಗನ್ನು ಪರೀಕ್ಷಿಸುತ್ತದೆ, ಅರ್ಥಿಂಗ್ ಅನ್ನಲ್ಲ. ಅರ್ಥಿಂಗ್ ಸರಿಯಿದೆಯೇ, ಸ್ವಿಚ್ ಎಷ್ಟು ಸೋರಿಕೆಗೆ ಎಷ್ಟು ಬೇಗ ಬೀಳುತ್ತದೆ ಎಂದು ತಿಳಿಯಲು ಎಲೆಕ್ಟ್ರೀಷಿಯನ್ ಬಳಿ ಅದಕ್ಕೆಂದೇ ಇರುವ ಮೀಟರ್ ಬೇಕು. ವರ್ಷಕ್ಕೊಮ್ಮೆ ಅದನ್ನೂ ಮಾಡಿಸಿ. ಇನ್ನೊಂದು ಮಾತು: ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಈ ಸ್ವಿಚ್ ಕಾಪಾಡುತ್ತದೆ ಎಂದು ನಂಬುವ ಹಾಗಿಲ್ಲ. ಅಲ್ಲಿ ಅದರ ಲೆಕ್ಕ ತಪ್ಪುವುದಿಲ್ಲ.

ಮಾಲೀಕರ ದೂರು ನನಗೆ ಗೊತ್ತು. "ಮಳೆ ಬಂದರೆ ಸಾಕು, ಪದೇ ಪದೇ ಬೀಳುತ್ತೆ. ಜನ ಕಾಳು ತಂದು ಸಾಲಾಗಿ ನಿಂತಿರುತ್ತಾರೆ." ಆ ತಾಪತ್ರಯ ಸುಳ್ಳಲ್ಲ. ಅದಕ್ಕೆ ಊರಲ್ಲಿ ಕಂಡುಕೊಂಡ ಮದ್ದು ಬೈಪಾಸ್. ಸ್ವಿಚ್ ಗೋಡೆಯ ಮೇಲೆ ಉಳಿಯುತ್ತದೆ, ವೈರು ಪಕ್ಕದಿಂದ ಹೋಗುತ್ತದೆ. ಆದರೆ ಮಳೆಯಲ್ಲಿ ಸ್ವಿಚ್ ಬೀಳುತ್ತಿದೆ ಎಂದರೆ ಎಲ್ಲೋ ವೈರಿನ ಸಿಪ್ಪೆ ಹೋಗಿದೆ, ಮೋಟಾರಿನೊಳಗೆ ತೇವ ಸೇರಿದೆ ಎಂದರ್ಥ. ಎಲ್ಲ ಯಂತ್ರ ತೆಗೆದು ಒಂದೊಂದಾಗಿ ಹಾಕುತ್ತ ಬಂದರೆ ಯಾವುದರಲ್ಲಿ ಸೋರಿಕೆ ಎಂದು ಸಾಮಾನ್ಯವಾಗಿ ಗೊತ್ತಾಗುತ್ತದೆ. ನ್ಯೂಟ್ರಲ್ ಬದಲು ನೆಲಕ್ಕೆ ಕಂಬಿ ಹೊಡೆದು ಬಲ್ಬ್ ಉರಿಸುವ ಪಂಪ್‌ಹೌಸ್‌ಗಳಲ್ಲೂ ಈ ಸ್ವಿಚ್ ನಿಲ್ಲುವುದಿಲ್ಲ. ಅಲ್ಲಿ ತಪ್ಪು ಆ ಕಂಬಿಯದು.

ಕಾನೂನು ಇಲ್ಲವೆಂದಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ ಸೋರಿಕೆ ತಡೆಯುವ ಸಾಧನದ ಮಾತಿತ್ತು. 2023ರ ಹೊಸ ನಿಯಮಗಳಲ್ಲೂ ಇದೆ. ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯವೂ ಇದೆ. ಆದರೆ ಇಬ್ಬರು ಮೂವರು ದುಡಿಯುವ ಗಿರಣಿಗೆ, ಸಂಘದ ಹೆಣ್ಣುಮಕ್ಕಳ ರೊಟ್ಟಿ ಯಂತ್ರದ ಕೋಣೆಗೆ ತಿಂಗಳು ತಿಂಗಳು ಯಾವ ಅಧಿಕಾರಿ ಬಂದಾನು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2021ರಲ್ಲಿ ದೇಶದಲ್ಲಿ ಕರೆಂಟ್ ಹೊಡೆದು ಸತ್ತವರು 12 ಸಾವಿರಕ್ಕೂ ಹೆಚ್ಚು. ಎಲ್ಲ ಸಾವನ್ನೂ ಈ ಸ್ವಿಚ್ ತಡೆಯುತ್ತಿರಲಿಲ್ಲ, ಹೊಲದಲ್ಲಿ ಹರಿದು ಬಿದ್ದ ತಂತಿಗೆ ಅದು ಮದ್ದಲ್ಲ. ಆದರೆ ಸೂರಿನ ಕೆಳಗೆ, ಯಂತ್ರದ ಪಕ್ಕದಲ್ಲಿ ಆಗುವ ಸಾವುಗಳಲ್ಲಿ ತಡೆಯಬಹುದಾದವು ಇವೆ.

ಎಲ್ಲರಿಗಿಂತ ಮೊದಲು ನೆನಪಾಗುವವರು ನಮ್ಮ ನೀರಗಂಟಿಗಳು. ಬೆಳಗಿನ ಜಾವ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ತುಕ್ಕು ಹಿಡಿದ ಸ್ಟಾರ್ಟರ್ ಬಾಕ್ಸಿಗೆ ಕೈ ಹಾಕುವವರು. ಅವರ ಮಾಲೀಕ ಅಂದರೆ ಗ್ರಾಮ ಪಂಚಾಯಿತಿ, ಅಂದರೆ ನಾವೇ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳೋಣ: ಎಷ್ಟು ಪಂಪ್‌ಹೌಸ್‌ಗಳಲ್ಲಿ ಸೋರಿಕೆ ತಡೆಯುವ ಸ್ವಿಚ್ ಇದೆ, ಅರ್ಥಿಂಗ್ ಇದೆ, ಕೊನೆಯ ಪರೀಕ್ಷೆ ಯಾವಾಗ ಆಯಿತು? ಉತ್ತರವನ್ನು ನಡಾವಳಿಯಲ್ಲಿ ಬರೆಸೋಣ.

ಗಿರಣಿ, ಶಾಪ್‌ಗಳಿಗೆ ಒಂದು ಸುಲಭದ ದಾರಿ ಇದೆ. ನಮ್ಮಲ್ಲಿ ಎಷ್ಟೋ ಕಡೆ ಅಮಾವಾಸ್ಯೆಗೆ ಯಂತ್ರಕ್ಕೆ ಪೂಜೆ ಮಾಡುತ್ತಾರೆ, ನಿಂಬೆಹಣ್ಣು ಕಟ್ಟುತ್ತಾರೆ. ಅಂದೇ ಆ ಗುಂಡಿಯನ್ನೂ ಒತ್ತಿಬಿಡಿ. ಒತ್ತಿದ ತಾರೀಖನ್ನು ಬೋರ್ಡಿನ ಪಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ, ಕೆಲಸಕ್ಕೆ ಬರುವ ಹುಡುಗನಿಗೂ ಕಾಣುವ ಹಾಗೆ. ತಾರೀಖು ಹಳೆಯದಾಗಿದ್ದರೆ "ಅಣ್ಣಾ, ಈ ತಿಂಗಳು ಒತ್ತಿಲ್ಲ" ಎಂದು ಅವನು ಹೇಳಲಿ. ಹೇಳಿದವನನ್ನು ಗದರಿಸಬೇಡಿ. ಸುಟ್ಟ ಮೋಟಾರಿಗೆ ರಿವೈಂಡಿಂಗ್ ಮಾಡಿಸಬಹುದು. ಆ ಹುಡುಗನ ಮನೆಯವರಿಗೆ ಏನು ಹೇಳುತ್ತೀರಿ?