ದೊಡ್ಡ ಹೊಟ್ಟಿ ಗಿಟಾರ್ ಗಂಡಸರಿಗಷ್ಟೇ ಏನು?

ಹೋದ ತಿಂಗಳ ಭಿಶಿ ನನ್ನ ಹೆಸರಿಗೆ ಬಂತು, 18,000 ರೂಪಾಯಿ. ಒಂದು ಛಲೋ ಇಳಕಲ್ ಸೀರಿ ತೊಗೋ ಅಂದ್ರು ವೈನಿ. ಮಿಕ್ಸರ್ ಬದಲಸು ಅಂದ್ಲು ತಂಗಿ. ನಾ ಹುಬ್ಬಳ್ಳಿಗೆ ಹೋಗಿ ಗಿಟಾರ್ ಅಂಗಡಿ ಹೊಕ್ಕೆ. ಮಗಳು ಬಿಟ್ಟುಹೋದ ಸಣ್ಣ ಗಿಟಾರ್ ಮ್ಯಾಲ ಎರಡು ವರ್ಷದಿಂದ ಬ್ಲೂಸ್ ಕಲೀಲಿಕ್ಕೆ ಹತ್ತೀನಿ ಅನ್ನೂದು ನಿಮಗೆಲ್ಲ ಗೊತ್ತದ, ನೀವು ನಕ್ಕೂ ಆಗ್ಯದ.

ಅಂಗಡಿಯಾಂವ ಗ್ವಾಡಿ ಮ್ಯಾಲಿನ ದೊಡ್ಡ ಗಿಟಾರ್ ಕಡೆ ಕೈ ಸುದ್ಧಾ ಮಾಡ್ಲಿಲ್ಲ. ಕೆಳಗಿನ ಸಾಲಿನಿಂದ ಒಂದು ಸಣ್ಣದು ತಗದು, "ಆಂಟಿ, ಇದು ಲೇಡೀಸ್ ಸೈಜ್. ದೊಡ್ಡದು ನಿಮಗ ಸಂಭಾಳಸೂದು ಆಗೂದಿಲ್ಲ. ಬೇಕಾದ್ರ ಮಗನ್ನ ಕರಕೊಂಡು ಬರ್ರಿ" ಅಂದ. ಮನಿಗೆ ಬಂದು ಹೇಳಿದ್ರ ನಮ್ಮನಿಯವರೂ "ಅಂವ ಹೇಳಿದ್ದು ಖರೇನ ಅದಲ್ಲ?" ಅಂದ್ರು. ಇದು ಅವರಿಬ್ಬರಿಗೂ ನನ್ನ ಉತ್ತರ.

ನಮ್ಮ ಕಡೆ ಹೆಣ್ಮಕ್ಕಳ ಉಡ್ಯಾಗ ತಂಬೂರಿ ಇಟ್ಟವರು ಯಾರೂ ಬುರುಡಿ ದೊಡ್ಡದಾತು ಅಂದಿಲ್ಲ. ಹೌದು, ಹೆಣ್ಮಕ್ಕಳ ತಂಬೂರಿ ಸ್ವಲ್ಪ ಸಣ್ಣದಿರ್ತದ. ಅದಕ್ಕ ಕಾರಣ ನಮ್ಮ ತೋಳಲ್ಲ, ನಮ್ಮ ದನಿ. ನಮ್ಮ ಷಡ್ಜ ಮ್ಯಾಲಿರ್ತದ, ತಂತೀನೂ ಹಂಗ ಮ್ಯಾಲ ಶ್ರುತಿ ಮಾಡಬೇಕಾಗ್ತದ. ಗಿಟಾರ್ ಲೆಕ್ಕ ಬ್ಯಾರೆ. ಗಂಡಸು ನುಡಸ್ಲಿ, ಹೆಂಗಸು ನುಡಸ್ಲಿ, ಆರು ತಂತಿಯ ರೂಢಿ ಶ್ರುತಿ ಒಂದ. ಅಂದಮ್ಯಾಲ ಲೇಡೀಸ್ ಸೈಜ್ ಅನ್ನೂದು ನಾದ ಕೇಳಿ ಆಡಿದ ಮಾತಲ್ಲ, ನಮ್ಮ ಸೀರಿ ನೋಡಿ ಆಡಿದ ಮಾತು.

ನಂಗ ದೊಡ್ಡದ ಯಾಕ ಬೇಕು, ಕೇಳ್ರಿ. ಬ್ಲೂಸ್ ಅಮೆರಿಕಾದ ದಕ್ಷಿಣ ಭಾಗದ ಕಪ್ಪು ಜನರ ಸಂಗೀತ. ಒಬ್ಬರ ಕೂತು ನುಡಸೂವಾಗ ಹೆಬ್ಬೆರಳು ದಪ್ಪ ತಂತಿ ಮ್ಯಾಲ ಒಂದೇ ಸಮ ಲಯ ಹಿಡೀತದ, ಉಳದ ಬೆರಳು ಸಣ್ಣ ತಂತಿ ಮ್ಯಾಲ ಹಾಡು ಹೇಳ್ತಾವ. ಮಗಳ ಗಿಟಾರ್‌ದಾಗ ನನ್ನ ಹೆಬ್ಬೆರಳಿನ ನಾದ ಡಬ್ಬಿಯೊಳಗ ಕಾಳು ಅಲ್ಲಾಡಿಸಿದಂಗ ಕೇಳ್ತದ. ಹೊಟ್ಟಿ ದೊಡ್ಡದಿದ್ರ ಒಳಗ ಗಾಳಿ ಹೆಚ್ಚು, ಮ್ಯಾಲಿನ ಹಲಗಿ ಅಗಲ, ಕೆಳಗಿನ ಸ್ವರ ತುಂಬಿ ಬರ್ತಾವ. ಕಣ್ಣು ಕಾಣದ ಗ್ಯಾರಿ ಡೇವಿಸ್ ನ್ಯೂಯಾರ್ಕಿನ ಹಾರ್ಲೆಮ್ ಬೀದ್ಯಾಗ ನಿಂತು ಹಾಡಿದಾಂವ. ಅವನ ಕೈಯಾಗ ಮುಂದ ಹೆಸರಾದದ್ದು ಗಿಬ್ಸನ್ ಜೆ-200, ಸುಮಾರು 17 ಇಂಚು ಅಗಲದ ಜಂಬೋ.

ದೊಡ್ಡದಿದ್ರ ಮಾತ್ರ ಬ್ಲೂಸ್ ಅಂತ ನಾ ಅನ್ನೂದಿಲ್ಲ. ರಾಬರ್ಟ್ ಜಾನ್ಸನ್ನನ ಪ್ರಸಿದ್ಧ ಫೋಟೋದಾಗ ಅಂವ ಹಿಡದದ್ದು ಸಣ್ಣ ಹೊಟ್ಟಿಯ ಗಿಬ್ಸನ್ ಎಲ್-1. ಅದಕ್ಕ ಯಾರರ ಲೇಡೀಸ್ ಸೈಜ್ ಅಂದಾರೇನು?

ಇನ್ನ ಹೆಂಗಸರು, ವಯಸ್ಸು ಅಂತೀರಿ. ಮೆಂಫಿಸ್ ಮಿನ್ನಿ 1929ರಾಗ ಗಿಟಾರ್ ಹಿಡದು ಬ್ಲೂಸ್ ರೆಕಾರ್ಡ್ ಮಾಡಿದಾಕಿ. ಎಲಿಜಬೆತ್ ಕಾಟನ್ ಮಂದಿ ಮನ್ಯಾಗ ಕೆಲಸ ಮಾಡಿಕೊಂಡಿದ್ದಾಕಿ. ಎಡಚಿ, ಬಲಗೈಯವರ ಗಿಟಾರನ್ನ ತಿರುವಿ ಹಿಡದು ನುಡಸ್ತಿದ್ಲು. ವೇದಿಕೆ ಹತ್ತಿದ್ದು ಅರವತ್ತು ದಾಟಿದ ಮ್ಯಾಲ, 1985ರಾಗ ಗ್ರ್ಯಾಮಿ ಬಂತು. ದೂರ ಯಾಕ, ನಮ್ಮ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆ ಆದಮ್ಯಾಲ ದಪ್ಪಾತು. ಅದ ದಪ್ಪ ದನಿಯಿಂದನ ಅವರು ಕೇಳೂ ಮಂದೀನ್ನ ಗೆದ್ರು. ದಪ್ಪ ನಾದ ಗಂಡಸರ ಆಸ್ತಿ ಅಲ್ಲ ಅಂತ ಹುಬ್ಬಳ್ಳಿ-ಧಾರವಾಡದವರಿಗೆ ಬ್ಯಾರೆ ಹೇಳಬೇಕೇನು?

ಹೋದ ವಾರ ಒಬ್ಬಾಕಿನ ಮತ್ತ ಅದ ಅಂಗಡಿಗೆ ಹೋದೆ. ಕೈ ಇಲ್ಲದ ಕುರ್ಚಿ ಕೇಳಿದೆ, ಸೆರಗು ಸಿಗಿಸಿ ಕೂತೆ, ಒಂದೊಂದನ್ನೂ 15 ನಿಮಿಷ ಹಿಡದೆ. ಜಂಬೋ ಹಿಡದಾಗ ಬಲಭುಜ ಮ್ಯಾಲೆದ್ದು ಕುತ್ತಿಗಿ ಹಿಡೀತು. ಬಿಟ್ಟೆ. ಡ್ರೆಡ್‌ನಾಟ್ ಅಂತ ಇನ್ನೊಂದು ದೊಡ್ಡ ಜಾತಿ ಅದ, ಬ್ರಿಟಿಷರ ಯುದ್ಧದ ಹಡಗಿನ ಹೆಸರು ಅದಕ್ಕ. ಅಗಲ ಸುಮಾರು 15.6 ಇಂಚು. ಭುಜ ಸುಮ್ನ ಕೂತಿತು. ದಪ್ಪ ತಂತಿ ಮೀಟಿದೆ, ಆ ಗುಂಯ್‌ದಾಗ ಸಣ್ಣ ತಂತಿ ಮುಳುಗ್ತದೇನೋ ಅಂತ ಕೇಳಿದೆ. ಗಿಟಾರ್ ದನಿ ಮುಂದಕ್ಕ ಹೋಗ್ತದ, ಹಿಡಕೊಂಡವರಿಗೆ ಪೂರಾ ಕೇಳೂದಿಲ್ಲ. ಅದಕ್ಕ ಅಂಗಡಿ ಹುಡುಗನ ಕೈಲೆ ನುಡಿಸಿ ನಾ ಎದುರಿಗೆ ಕೂತೆ. ನಡುವಿನ ತೂತಿನ ಅಂಚು ನೋಡಿದೆ, ಮ್ಯಾಲಿನ ಹಲಗಿ ಪ್ಲೈವುಡ್ಡೋ ಇಡೀ ಕಟ್ಟಿಗಿಯೋ ಅಂತ. ತಂತಿ ಹಲಗಿಯಿಂದ ಭಾಳ ಮ್ಯಾಲಿದ್ರ ಬೆರಳು ನೋಯ್ತದ, ಅದನ್ನೂ ಒತ್ತಿ ನೋಡಿದೆ. ರೊಕ್ಕ ಎಣಿಸಿ ಕೊಟ್ಟೆ, ತಂದೆ.

ಜಂಬೋ ನಂಗ ಆಗಲಿಲ್ಲ, ಅಂದಮ್ಯಾಲ ಅಂಗಡಿಯಾಂವ ಅರ್ಧ ಖರೇ ಅಂದ್ರಲ್ಲ ಅಂತೀರಿ. ಇಲ್ಲ. ಆಗೂದಿಲ್ಲ ಅಂತ ಹೇಳಿದ್ದು ನನ್ನ ಭುಜ, ಹಿಡದು ನೋಡಿದ ಮ್ಯಾಲ. ಅಂವ ಹಿಡೀಲಿಕ್ಕೇ ಕೊಟ್ಟಿರಲಿಲ್ಲ.

ಗಿಟಾರ್ ಇರ್ಲಿ, ಸ್ಕೂಟರ್ ಇರ್ಲಿ, ನಿಮ್ಮ ಭಿಶಿ ಬಂದಾಗ ನೀವ ಕೂತು, ಹಿಡದು, ನೋಡಿ ತೊಗೋರಿ. ಮಗನ್ನ ಕರಕೊಂಡು ಹೋಗ್ರಿ, ಪಿಶವಿ ಹೊರಲಿಕ್ಕೆ.